ಸೌದೆ ಮಾರಿದರೆ ಗಿಟ್ಟುತ್ತದೆಯೇ?

ಸೌದೆ ಡಿಪೋದವರನ್ನು ಕೇಳಿ ನೋಡಿ, 'ಈಗೆಲ್ಲಿ ವ್ಯಾಪಾರ ಸ್ವಾಮಿ, ಮನೆಮನೆಗೂ ಗ್ಯಾಸ್ ಬಂತಲ್ಲ' ಎನ್ನುತ್ತಾರೆ. ಹಾಗೆನ್ನುತ್ತಲೇ ಮದುವೆ ಛತ್ರಕ್ಕೆ ಹೊರಟ ಟೆಂಪೊಗೆ ಸೀಳು ತುಂಬಿಸುತ್ತಿರುತ್ತಾರೆ. ಕಾಡಂಚಿನ ಹಳ್ಳಿಯಿಂದ ಹೊರೆ ಹೊತ್ತು ಪೇಟೆಗೆ ಬರುವ ಹೆಂಗಸಿನ ಉತ್ತರ ಬೇರೆ: ಉಪ್ಪು ಮೆಣಸಿನಕಾಯಿಗೆ ಆಗುತ್ತದೆ, ಅಷ್ಟೆ. ಅರಣ್ಯ ಇಲಾಖೆಯ ಕಣ್ಣಿಗೆ ಅದೇ ಹೊರೆ ಕಾಡಿನ ನಷ್ಟ. ಕೂಲಿಯನ್ನೂ ಖರ್ಚಿಗೆ ಹಾಕಿ ನೋಡುವ ಅರ್ಥಶಾಸ್ತ್ರಜ್ಞನಿಗೆ ಅದು ಹೊತ್ತವಳ ನಷ್ಟ.

ಒಂದೇ ಹೊರೆಯ ಬಗ್ಗೆ ಇಷ್ಟು ಲೆಕ್ಕಗಳು. ಐವತ್ತು ವರ್ಷಗಳಿಂದ ವಿದ್ವಾಂಸರು, ಸರ್ಕಾರಗಳು, ಚಳವಳಿಗಾರರು ಇದರ ಮೇಲೆ ಜಗಳವಾಡುತ್ತಲೇ ಇದ್ದಾರೆ, ಕರ್ನಾಟಕದ ನೆಲ ಆ ಜಗಳದ ದೊಡ್ಡ ಅಖಾಡಗಳಲ್ಲೊಂದು. ಯಾರು ಏನು ಹೇಳಿದರು, ಯಾರ ಮಾತು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಇಲ್ಲಿ ನೋಡೋಣ. ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ. ಈ ವ್ಯಾಪಾರದಲ್ಲಿ ದುಡ್ಡು ಮರದಲ್ಲಿಲ್ಲ. ಮರಕ್ಕೂ ಒಲೆಗೂ ನಡುವಿನ ದಾರಿಯಲ್ಲಿದೆ.

ಮಾರಯ್ಯನಿಂದ ಡಿಪೋವರೆಗೆ

ಕಸುಬು ಹಳೆಯದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮೋಳಿಗೆ ಮಾರಯ್ಯ ಕಾಡಿನಿಂದ ಕಟ್ಟಿಗೆ ತಂದು ಮಾರಿ ದಾಸೋಹ ನಡೆಸುತ್ತಿದ್ದ. ಅವನು ಕಾಶ್ಮೀರದ ಅರಸನಾಗಿದ್ದು ಎಲ್ಲ ಬಿಟ್ಟು ಬಂದವನು ಎನ್ನುವುದು ಶರಣ ಪರಂಪರೆಯ ಕಥೆ. ಕಥೆಯ ಸತ್ಯಾಸತ್ಯ ಹಾಗಿರಲಿ, ಅರಸನೊಬ್ಬನನ್ನು ಎಲ್ಲರಿಗಿಂತ ಕೆಳಗಿನ ದುಡಿಮೆಗೆ ಇಳಿಸಬೇಕೆಂದಾಗ ಜನಮನ ಆರಿಸಿಕೊಂಡದ್ದು ಸೌದೆ ಹೊರೆಯನ್ನು. ಕೈಯಲ್ಲಿ ಏನೂ ಇಲ್ಲದವನೂ ನಾಳೆ ಬೆಳಿಗ್ಗೆ ಶುರುಮಾಡಬಹುದಾದ ಕಸುಬು ಅದು. ಬಂಡವಾಳವೆಂದರೆ ಒಂದು ಕತ್ತಿ, ಒಂದು ಹಗ್ಗ, ತಲೆಗೊಂದು ಸಿಂಬೆ.

ಮಾರಯ್ಯನಿಗೆ ಕಾಡಿಗೆ ಹೋಗಲು ಯಾರ ಅಪ್ಪಣೆಯೂ ಬೇಕಿದ್ದಂತೆ ಕಾಣುವುದಿಲ್ಲ. ಆ ಅಪ್ಪಣೆ ಹತ್ತೊಂಬತ್ತನೆಯ ಶತಮಾನದ ಸೃಷ್ಟಿ. ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಹುಟ್ಟಿದ್ದು 1864ರಲ್ಲಿ. ಬ್ರಿಟಿಷ್ ಆಡಳಿತದ ಹಲವು ಪ್ರದೇಶಗಳಿಗೆ 1878ರ ಅರಣ್ಯ ಕಾಯ್ದೆ ಬಂತು. ಕಾಡು ಮೀಸಲಾಯಿತು. ಮನೆ ಒಲೆಗೆ ಒಣಕಟ್ಟಿಗೆ ಆಯ್ದುಕೊಳ್ಳುವುದು ಹಲವು ಕಡೆ ರಿಯಾಯಿತಿಯಾಗಿ ಉಳಿಯಿತು, ಮಾರುವುದು ಅಪರಾಧದ ಅಂಚಿಗೆ ಸರಿಯಿತು. ಅದೇ ಹೊತ್ತಿಗೆ ದೊಡ್ಡ ಪ್ರಮಾಣದ ಸುಡುವಿಕೆಗೆ ತಡೆಯೇನೂ ಇರಲಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಡೆದದ್ದೇ ಮಲೆನಾಡಿನ ಮರದ ಇದ್ದಿಲಿನ ಮೇಲೆ. ಕಾರ್ಖಾನೆ ಸುಟ್ಟರೆ ಅಭಿವೃದ್ಧಿ, ತಲೆಹೊರೆಯಲ್ಲಿ ಹೋದರೆ ಕಳವು ಎಂಬ ಎರಡು ತಕ್ಕಡಿ ಅಂದೇ ಸಿದ್ಧವಾದವು.

ಸೌದೆ ಮುಗಿದೇಹೋಗುತ್ತದೆ ಎಂದವರು

ಸೌದೆಯ ಪ್ರಶ್ನೆ ಜಗತ್ತಿನ ಚರ್ಚೆಯಾದದ್ದು 1975ರಲ್ಲಿ. ಪೆಟ್ರೋಲ್ ಬೆಲೆಯ ಆಘಾತದಿಂದ ಜಗತ್ತು ತತ್ತರಿಸುತ್ತಿದ್ದಾಗ ಅಮೆರಿಕದ ವರ್ಲ್ಡ್‌ವಾಚ್ ಸಂಸ್ಥೆಯ ಎರಿಕ್ ಎಕ್‌ಹೋಮ್ ಬರೆದ ಪುಸ್ತಿಕೆ, ಬಡವರ ಇಂಧನ ಬಿಕ್ಕಟ್ಟು ಎಣ್ಣೆಯದಲ್ಲ, ಸೌದೆಯದು ಎಂದು ಸಾರಿತು. ತರ್ಕ ಸರಳ. ಜನ ಹೆಚ್ಚುತ್ತಾರೆ, ಒಲೆಗಳು ಹೆಚ್ಚುತ್ತವೆ, ಕಾಡು ಬೆಳೆಯುವ ವೇಗ ಅಷ್ಟೇ ಇರುತ್ತದೆ. ಬೇಡಿಕೆಯಲ್ಲಿ ಪೂರೈಕೆ ಕಳೆದರೆ ಕೊರತೆ. ಕೊರತೆಯಷ್ಟು ಕಾಡು ಪ್ರತಿವರ್ಷ ನಾಶ. ಹಾಗಾದರೆ ಸೌದೆ ಬೆಲೆ ಏರುತ್ತಲೇ ಹೋಗಬೇಕು, ಇವತ್ತು ಮರ ನೆಟ್ಟವನು ನಾಳೆ ಶ್ರೀಮಂತನಾಗಬೇಕು.

ಈ ಪಂಥದಿಂದ ಒಂದು ಒಳ್ಳೆಯದಾಯಿತು, ಒಲೆಯ ವಿಷಯ ಯೋಜನಾ ಕಡತಗಳೊಳಗೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ 'ಅಸ್ತ್ರ' ತಂಡ ಕುಣಿಗಲ್ ತಾಲ್ಲೂಕಿನ ಪುರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಕೂತು ಯಾವ ಮನೆ ಎಷ್ಟು ಸುಡುತ್ತದೆ, ಯಾರು ತರುತ್ತಾರೆ, ಎಷ್ಟು ಹೊತ್ತು ನಡೆಯುತ್ತಾರೆ ಎಂದು ಲೆಕ್ಕವಿಟ್ಟಿತು. ಆ ಲೆಕ್ಕವೇ ಬಿಕ್ಕಟ್ಟಿನ ವಾದದ ಬುಡವನ್ನೂ ಅಲುಗಿಸಿತು. ಹಳ್ಳಿ ಒಲೆಗೆ ಬರುತ್ತಿದ್ದುದು ಕಡಿದ ದಿಮ್ಮಿಯಲ್ಲ. ಬೇಲಿ, ಬದು, ಗೋಮಾಳಗಳಿಂದ ಆಯ್ದ ರೆಂಬೆ, ಪುಳ್ಳೆ, ತೆಂಗಿನ ಗರಿ. 1988ರಲ್ಲಿ ಜೆರಾಲ್ಡ್ ಲೀಚ್ ಮತ್ತು ರಾಬಿನ್ ಮರ್ನ್ಸ್ ಆಫ್ರಿಕದ ಅನುಭವದಿಂದ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಕಾಡು ಹೋಗುವುದು ಮುಖ್ಯವಾಗಿ ಉಳುಮೆಗೆ. ಸೌದೆ ಅದರ ಉಪಉತ್ಪನ್ನ. ಕೊರತೆಯ ಲೆಕ್ಕ ಹಾಕಿದವರು ಊರೊಳಗಿನ ಮರಗಳನ್ನೇ ಎಣಿಸಿರಲಿಲ್ಲ.

ಪೇಟೆಯ ಚಿತ್ರ ಮಾತ್ರ ಬೇರೆ. ಸುಧಾಕರ ರೆಡ್ಡಿ ಮತ್ತು ಅಮೂಲ್ಯ ರೆಡ್ಡಿ 1983ರಲ್ಲಿ ಪ್ರಕಟಿಸಿದ ಬೆಂಗಳೂರಿನ ಸೌದೆ ಅಧ್ಯಯನ, ನಗರದಲ್ಲಿ ಇಂಧನವೂ ವರ್ಗದ ಪ್ರಕಾರ ಹಂಚಿಹೋಗಿದೆ ಎಂದು ತೋರಿಸಿತು. ಉಳ್ಳವರಿಗೆ ಗ್ಯಾಸು, ಇಲ್ಲದವರಿಗೆ ಲಾರಿಯಲ್ಲಿ ಬರುವ ಸೌದೆ. ಹಳ್ಳಿಯಲ್ಲಿ ಪುಕ್ಕಟೆ ಸಿಗುತ್ತಿದ್ದ ವಸ್ತು ಪೇಟೆಗೆ ಬಂದ ಕೂಡಲೇ ತೂಕದ ಸರಕಾಗುತ್ತಿತ್ತು. ಹೊರೆಯ ವ್ಯಾಪಾರ ಹುಟ್ಟುವುದೇ ಆ ಅಂತರದಲ್ಲಿ.

ಬೆಳೆದು ಮಾರಲು ಹೊರಟವರು

ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲಿ ಸಾಮಾಜಿಕ ಅರಣ್ಯಕ್ಕೆ ಶಿಫಾರಸು ಮಾಡಿತು. ವಿಶ್ವಬ್ಯಾಂಕಿನ ಹಣ ಬಂತು, ನೀಲಗಿರಿ ಸಸಿಗಳು ಬಂದವು. ಕೋಲಾರದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲಗಳು ನೀಲಗಿರಿ ತೋಪುಗಳಾದವು. ಹಳ್ಳಿಯ ಒಲೆಗೆಂದು ಶುರುವಾದ ಯೋಜನೆಯ ಮರ ಹೊರಟದ್ದು ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಗೆ ಎಂದು ವಂದನಾ ಶಿವ, ಶರತ್‌ಚಂದ್ರ, ಬಂದ್ಯೋಪಾಧ್ಯಾಯ 1981ರ ಕೋಲಾರ ಅಧ್ಯಯನದಲ್ಲಿ ಆಕ್ಷೇಪಿಸಿದರು. ರೈತ ಸಂಘದವರು ತುಮಕೂರಿನ ಕಡೆ ಸಸಿ ಕಿತ್ತರು. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಗೆ ಸರ್ಕಾರ ಸಾಮೂಹಿಕ ಜಮೀನು ಕೊಡಲು ಹೊರಟಿತು. ಅದನ್ನು ವಿರೋಧಿಸಿ ಸಮಾಜ ಪರಿವರ್ತನ ಸಮುದಾಯ 1987ರ ನವೆಂಬರಿನಲ್ಲಿ ಕುಸನೂರಿನಲ್ಲಿ 'ಕಿತ್ತಿಕೊ-ಹಚ್ಚಿಕೊ' ನಡೆಸಿತು. ನೀಲಗಿರಿ ಕಿತ್ತರು, ಆ ಜಾಗದಲ್ಲಿ ತಮಗೆ ಬೇಕಾದ ಸಸಿ ನೆಟ್ಟರು. ಮುಂದೆ ಅಂತರ್ಜಲದ ಹೆಸರಿನಲ್ಲಿ 2017ರಲ್ಲಿ ಸರ್ಕಾರವೇ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಇದರಲ್ಲಿ ಪರಿಸರದ ಕಥೆಯ ಜೊತೆ ಒಂದು ವ್ಯಾಪಾರದ ಕಥೆಯೂ ಇದೆ. ಅದನ್ನು ಸ್ಪಷ್ಟವಾಗಿ ಬಿಡಿಸಿ ಹೇಳಿದವರು ಎನ್.ಸಿ. ಸಕ್ಸೇನಾ. ದೇಶದ ಹಲವೆಡೆ ರೈತರು ಗಳ ಮತ್ತು ಪಲ್ಪಿನ ಬೆಲೆ ನೋಡಿ ನೀಲಗಿರಿ ನೆಟ್ಟರು. ಎಲ್ಲರೂ ಒಟ್ಟಿಗೇ ಕಡಿದಾಗ 1980ರ ದಶಕದ ಕೊನೆಯಲ್ಲಿ ಬೆಲೆ ಬಿತ್ತು. ಸೌದೆಯಾಗಿ ಮಾರಲು ಯಾರೂ ನೆಟ್ಟಿರಲಿಲ್ಲ, ಏಕೆಂದರೆ ಸೌದೆಗೆ ಬರುವ ಬೆಲೆ ಮರ ಬೆಳೆಸುವ ಖರ್ಚನ್ನು ಎತ್ತುವುದೇ ಕಷ್ಟ. ಎದುರಿಗೆ ಪೈಪೋಟಿಗೆ ನಿಂತಿರುವುದು ಪುಕ್ಕಟೆ ಆಯ್ದು ತಂದ ಕಟ್ಟಿಗೆ. ನೆಟ್ಟು, ನೀರು ಹಾಕಿ, ಏಳು ವರ್ಷ ಕಾದವನು ಅದರ ಜೊತೆ ಬೆಲೆಯಲ್ಲಿ ಗೆಲ್ಲುವುದು ಹೇಗೆ?

ಸೌದೆ ಪೇಟೆಯನ್ನು ನಿಜಕ್ಕೂ ಗೆದ್ದ ಮರವನ್ನು ರೈತರು ನೆಟ್ಟು ಬೆಳೆಸಿದ್ದಲ್ಲ. ರಾಯಚೂರು, ಬಳ್ಳಾರಿ, ಕೊಪ್ಪಳದ ಕಡೆ ಕೆರೆಯಂಗಳ, ಹಾಳುಹೊಲ, ಹಳ್ಳದ ದಂಡೆಗಳನ್ನೆಲ್ಲ ಆವರಿಸಿರುವ ಬಳ್ಳಾರಿ ಜಾಲಿ ತಾನಾಗಿ ಹಬ್ಬಿದ್ದು. ಕಡಿದಷ್ಟೂ ಬುಡದಿಂದ ಚಿಗುರುತ್ತದೆ. ಒಳ್ಳೆ ಕೆಂಡ ಕೊಡುತ್ತದೆ. ಹೊಲದವನಿಗೆ ಅದು ಪೀಡೆಯಾದ್ದರಿಂದ ಕಡಿದುಕೊಂಡು ಹೋಗುವವರಿಗೆ ಅಡ್ಡಿ ಕಡಿಮೆ. ಮುಳ್ಳು ಮಾತ್ರ ಕೈ ಹರಿಯುತ್ತದೆ. ಇದನ್ನು ನಿರ್ಮೂಲ ಮಾಡಬೇಕು ಎನ್ನುವವರು ಅಂತರ್ಜಲದ, ಹುಲ್ಲುಗಾವಲಿನ ಮಾತಾಡುತ್ತಾರೆ. ಅದನ್ನೇ ಕಡಿದು ಬದುಕುವವರ ಮಾತು ಆ ಸಭೆಗಳಲ್ಲಿ ಅಪರೂಪ.

ಸಿಲಿಂಡರು ಕಟ್ಟಿದ ಚಾವಣಿ

ಬೇಡಿಕೆಯ ಕಡೆಯಿಂದ ನೋಡುವವರು ಇನ್ನೊಂದು ಪಂಥ. ಆದಾಯ ಏರಿದಂತೆ ಜನ ಸೌದೆಯಿಂದ ಸೀಮೆಎಣ್ಣೆಗೆ, ಅಲ್ಲಿಂದ ಗ್ಯಾಸಿಗೆ ಮೆಟ್ಟಿಲು ಹತ್ತುತ್ತಾರೆ ಎನ್ನುವುದು ಇವರ ನಂಬಿಕೆ. ಒಲೆಯ ಹೊಗೆ ಹೆಂಗಸರ ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂದು 1980ರ ದಶಕದ ಆರಂಭದಿಂದಲೇ ಭಾರತದ ಹಳ್ಳಿಗಳಲ್ಲಿ ಅಳೆದ ಕರ್ಕ್ ಸ್ಮಿತ್ ಇದಕ್ಕೆ ಆರೋಗ್ಯದ ವಾದ ಸೇರಿಸಿದರು. 2016ರ ಉಜ್ವಲಾ ಯೋಜನೆ, ನಮ್ಮಲ್ಲಿ ಅನಿಲ ಭಾಗ್ಯ, ಎಲ್ಲವೂ ಈ ಹಾದಿಯವೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಶೇ. 58.6ರಷ್ಟು, ಕರ್ನಾಟಕದಲ್ಲಿ ಸುಮಾರು ಶೇ. 80ರಷ್ಟು ಮನೆಗಳು ಅಡುಗೆಗೆ ಮುಖ್ಯವಾಗಿ ಹೊಗೆರಹಿತ ಇಂಧನ ಬಳಸುತ್ತಿದ್ದವು. 'ಮುಖ್ಯವಾಗಿ' ಎಂಬ ಮಾತನ್ನು ಗಮನಿಸಿ. ಕಾಫಿ, ಒಗ್ಗರಣೆಗೆ ಗ್ಯಾಸು, ಹಂಡೆ ನೀರಿಗೂ ಮುದ್ದೆಗೂ ಸೌದೆ ಎನ್ನುವ ಮನೆಗಳು ಈ ಎಣಿಕೆಯಲ್ಲಿ ಗ್ಯಾಸಿನ ಕಡೆಗೇ ಹೋಗುತ್ತವೆ.

ಗ್ಯಾಸು ಬಂದದ್ದರಿಂದ ಸೌದೆಗೆ ಒಂದು ಗರಿಷ್ಠ ಬೆಲೆ ಬಿದ್ದಿದೆ. ಅದನ್ನು ಯಾರೂ ಘೋಷಿಸಿಲ್ಲ. ನಾವೇ ಲೆಕ್ಕ ಹಾಕಬಹುದು. 14.2 ಕೆಜಿಯ ಸಿಲಿಂಡರಿನಲ್ಲಿ ಕೆಜಿಗೆ 45 ಮೆಗಾಜೂಲ್‌ನಂತೆ ಸುಮಾರು 640 ಮೆಗಾಜೂಲ್ ಶಾಖವಿದೆ. ಗ್ಯಾಸ್ ಒಲೆಯಲ್ಲಿ ಅದರ ಶೇ. 60 ಪಾತ್ರೆಗೆ ಸೇರುತ್ತದೆಂದುಕೊಳ್ಳಿ, 380 ಆಯಿತು. ಚೆನ್ನಾಗಿ ಒಣಗಿದ ಸೌದೆಯಲ್ಲಿ ಕೆಜಿಗೆ ಸುಮಾರು 15 ಮೆಗಾಜೂಲ್. ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ಸೇರುವುದು ಶೇ. 12ರ ಆಸುಪಾಸು. ಅಂದರೆ ಒಂದು ಸಿಲಿಂಡರಿನ ಕೆಲಸಕ್ಕೆ 210 ಕೆಜಿ ಸೌದೆ. ಸಿಲಿಂಡರಿಗೆ 850 ರೂಪಾಯಿಯಾದರೆ ಸೌದೆಗೆ ಕೆಜಿಗೆ 4 ರೂಪಾಯಿಗಿಂತ ಹೆಚ್ಚು ಕೊಡುವುದು ಮನೆಯವರಿಗೆ ದಂಡ. ಉಜ್ವಲಾದ 300 ರೂಪಾಯಿ ಸಬ್ಸಿಡಿ ಇರುವ ಮನೆಗೆ ಈ ಮಿತಿ ಎರಡೂವರೆ ರೂಪಾಯಿಗೆ ಇಳಿಯುತ್ತದೆ. 25 ಕೆಜಿಯ ಹೊರೆಗೆ 100 ರೂಪಾಯಿ ಸಿಕ್ಕರೆ ಹೆಚ್ಚು, 65 ಸಿಕ್ಕರೆ ಅದೇ ನ್ಯಾಯ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ.

ಸೌದೆ ಮನೆ ಬಿಟ್ಟು ಬೇರೆ ಕಡೆ ಹೊರಟದ್ದೇಕೆಂದು ಇದರಿಂದ ತಿಳಿಯುತ್ತದೆ. ಹೋಟೆಲಿಗೆ ಸಬ್ಸಿಡಿ ಇಲ್ಲ, ವಾಣಿಜ್ಯ ಸಿಲಿಂಡರು ದುಬಾರಿ. ಅವರಿಗೆ ಕೆಜಿಗೆ ಆರು ರೂಪಾಯಿ ಕೊಟ್ಟರೂ ನಷ್ಟವಿಲ್ಲ. ಬಿರಿಯಾನಿಯ ದಮ್ಮು, ಛತ್ರದ ಕೊಪ್ಪರಿಗೆ, ರಾಮನಗರ-ಶಿಡ್ಲಘಟ್ಟದ ರೇಷ್ಮೆ ಬಿಚ್ಚಣಿಕೆಯ ಬಿಸಿನೀರು, ಹುಣಸೂರು-ಪಿರಿಯಾಪಟ್ಟಣದ ತಂಬಾಕು ಬ್ಯಾರನ್ನು, ಮಲೆನಾಡಿನ ಅಡಿಕೆ ಬೇಯಿಸುವ ಹಂಡೆ, ಇಟ್ಟಿಗೆ ಗೂಡು, ಸ್ಮಶಾನ: ಇವತ್ತಿನ ಸೌದೆ ಗಿರಾಕಿಗಳು ಇವರು. ಇವರಲ್ಲಿ ಹೆಚ್ಚಿನವರಿಗೆ ಹೊರೆ ಬೇಡ, ಲಾರಿ ಲೋಡು ಬೇಕು. ಪೇಟೆ ಉಳಿಯಿತು, ಹೊರೆಯವಳ ಜಾಗ ಹೋಯಿತು.

ಒಲೆ ಸುಧಾರಣೆಯವರಿಗೂ ಇಲ್ಲೊಂದು ಇಕ್ಕಟ್ಟಿದೆ. ಅಸ್ತ್ರ ಒಲೆಯಂಥದು ಅರ್ಧ ಸೌದೆಯಲ್ಲಿ ಅಡುಗೆ ಮುಗಿಸುತ್ತದೆ. ಕೊಳ್ಳುವವಳಿಗೆ ಅದು ಉಳಿತಾಯ, ಮಾರುವವಳಿಗೆ ಅರ್ಧ ಗಿರಾಕಿ ಖೋತಾ.

ಹೊತ್ತವಳ ಹೊತ್ತು

ಇಲ್ಲಿಯವರೆಗಿನವರೆಲ್ಲ ಸೌದೆಯ ಬೆಲೆ ಕೇಳಿದರು. 1980ರ ದಶಕದಲ್ಲಿ ಕೆಲವರು ಹೊತ್ತವಳ ಸಮಯದ ಬೆಲೆ ಕೇಳಿದರು. ಶ್ರೀಲತಾ ಬಟ್ಲಿವಾಲಾ ಹಳ್ಳಿಯ ಇಂಧನ ಕೊರತೆಯನ್ನು ಹೆಂಗಸರ ಅಪೌಷ್ಟಿಕತೆಯ ಜೊತೆ ಜೋಡಿಸಿದರು: ಸೌದೆ ತರಲು ಸವೆಸುವ ಶಕ್ತಿ ಉಣ್ಣುವ ಅನ್ನದಿಂದಲೇ ಬರಬೇಕಲ್ಲವೇ? ಬೀನಾ ಅಗರ್ವಾಲ್ 1986ರ ಪುಸ್ತಕದಲ್ಲಿ ಇದನ್ನು ಭೂಮಿಯ ಹಕ್ಕಿನ ಪ್ರಶ್ನೆಯಾಗಿಸಿದರು. ಸ್ವಂತ ಬದು-ಬೇಲಿ ಇರುವವರಿಗೆ ಸೌದೆ ಮನೆಬಾಗಿಲಲ್ಲಿ. ಭೂಮಿ ಇಲ್ಲದವಳು ಗೋಮಾಳ ಹುಡುಕಬೇಕು. ಆ ಗೋಮಾಳವೂ ಉಳಿಯಲಿಲ್ಲ. ಎನ್.ಎಸ್. ಜೋಧಾ ಕರ್ನಾಟಕವೂ ಸೇರಿ ಏಳು ರಾಜ್ಯಗಳ ಒಣಪ್ರದೇಶದ ಹಳ್ಳಿಗಳಲ್ಲಿ ನೋಡಿದಂತೆ 1950ರ ದಶಕದ ಆರಂಭದಿಂದ 1980ರ ದಶಕದ ಆರಂಭದೊಳಗೆ ಸಾಮೂಹಿಕ ಜಮೀನು ಶೇ. 31ರಿಂದ 55ರಷ್ಟು ಕುಗ್ಗಿತ್ತು.

ಆದರೆ ಅವಳ ಗಂಟೆಗೆ ಯಾವ ಬೆಲೆ ಹಾಕುವುದು? ಅಭಿಪ್ರಾಯ ಸೀಳುವುದು ಇಲ್ಲೇ. ದಿನಗೂಲಿಯ ದರ ಹಾಕಿದರೆ ಹೊರೆ ಖಂಡಿತ ನಷ್ಟ. ಬೇಸಿಗೆಯಲ್ಲಿ ಊರಲ್ಲಿ ಬೇರೆ ಕೆಲಸವೇ ಇಲ್ಲದಾಗ ಆ ದರ ಕಾಗದದ ಮೇಲಿನ ಸಂಖ್ಯೆ. ಸಿಕ್ಕ ನೂರು ರೂಪಾಯಿ ಪೂರ್ತಿ ಅವಳದೇ. ನಾಟಿ, ಕಳೆ, ಕೊಯ್ಲಿನ ದಿನಗಳಲ್ಲಿ ಹೊರೆಯವರ ಸಂಖ್ಯೆ ತಾನಾಗಿ ಇಳಿಯುವುದು ಅವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿರುವುದರಿಂದ.

ಕಾಡು ಬಡವರಿಗೆ ಆಪತ್ತಿನ ಆಸರೆಯೋ, ಅವರನ್ನು ಬಡತನದಲ್ಲೇ ಕಟ್ಟಿಹಾಕುವ ಬಲೆಯೋ ಎಂಬ ಪ್ರಶ್ನೆಯನ್ನು 2003ರಲ್ಲಿ ಆರಿಲ್ಡ್ ಏಂಜೆಲ್ಸನ್ ಮತ್ತು ಸ್ವೆನ್ ವುಂಡರ್ ಚೌಕಟ್ಟಾಗಿ ಕಟ್ಟಿಕೊಟ್ಟರು. ಆಮೇಲೆ 24 ದೇಶಗಳ ಸುಮಾರು 8,000 ಕುಟುಂಬಗಳ ಸಮೀಕ್ಷೆ ನಡೆದು 2014ರಲ್ಲಿ ಪ್ರಕಟವಾಯಿತು: ಕಾಡು ಮತ್ತಿತರ ಪ್ರಕೃತಿಮೂಲದ ಆದಾಯ ಕುಟುಂಬದ ಗಳಿಕೆಯ ಸರಾಸರಿ ಶೇ. 28. ಸೌದೆ ಅದರಲ್ಲಿ ದೊಡ್ಡ ಪಾಲು. ಹಾಗಿದ್ದೂ ನನಗೆ ಆಸರೆ-ಬಲೆ ಎಂಬ ಇಬ್ಭಾಗವೇ ಕೃತಕವೆನಿಸುತ್ತದೆ. ಯಾರು ಬೇಕಾದರೂ ಶುರುಮಾಡಬಹುದಾದ ಕಸುಬಿನಲ್ಲಿ ಯಾರಿಗೂ ಹೆಚ್ಚು ಉಳಿಯುವುದಿಲ್ಲ. ಅದನ್ನು ಆಸರೆಯಾಗಿಸುವುದೂ ಬಲೆಯಾಗಿಸುವುದೂ ಈ ಒಂದೇ ಗುಣ.

ನಡುವೆ ಕೂತವರು

ಹಾಗಾದರೆ ದುಡ್ಡು ಮಾಡಿದವರು ಯಾರು? ಸೆನೆಗಲ್ ದೇಶದ ಇದ್ದಿಲು ವ್ಯಾಪಾರವನ್ನು ಕಾಡಿನಿಂದ ರಾಜಧಾನಿವರೆಗೆ ಬೆನ್ನಟ್ಟಿದ ಜೆಸ್ಸಿ ರಿಬೊ 1998ರಲ್ಲಿ ಕೊಟ್ಟ ಉತ್ತರ ನಮ್ಮ ಡಿಪೋಗಳಿಗೂ ಹೊಂದುತ್ತದೆ. ಮರ ಯಾರದು ಎನ್ನುವುದು ಮುಖ್ಯವಲ್ಲ. ಪರವಾನಗಿ, ಸಾಗಣೆ, ಸಾಲ, ಗಿರಾಕಿ ಯಾರ ಕೈಯಲ್ಲಿವೆಯೋ ಲಾಭ ಅವರದು.

ತೂಕದ ಸಣ್ಣ ಸಂಗತಿಯನ್ನೇ ನೋಡಿ. ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರು. ಅಂಥ 25 ಕೆಜಿ ಹೊರೆ ಚೆನ್ನಾಗಿ ಒಣಗಿದರೆ ಹದಿನೈದು ಹದಿನಾರು ಕೆಜಿಗೆ ಇಳಿಯುತ್ತದೆ. ಹೊರುವವಳಿಗೆ ಆ ನೀರು ಕುತ್ತಿಗೆಯ ಮೇಲಿನ ಭಾರ, ಆದ್ದರಿಂದ ಅವಳು ಒಣಗಿದ್ದನ್ನೇ ಹುಡುಕುತ್ತಾಳೆ. ಹೊರೆಯನ್ನು ಕಣ್ಣಂದಾಜಿಗೆ ಚೌಕಾಸಿ ಮಾಡಿ ಕೊಳ್ಳುತ್ತಾರೆ. ಅವಳೂ ನೆಟ್ಟನೆಯ ಸೀಳನ್ನು ಹೊರಮೈಗಿಟ್ಟು ಸೊಟ್ಟ ಕೊಂಬೆ ಒಳಗಿಟ್ಟು ಹೊರೆ ದಪ್ಪ ಕಾಣುವಂತೆ ಬಿಗಿಯುತ್ತಾಳೆ. ಡಿಪೋದಲ್ಲಿ ಮಾರುವುದು ತಕ್ಕಡಿಯ ಮೇಲೆ. ಅಲ್ಲಿ ನೀರೂ ಸೌದೆಯ ದರಕ್ಕೇ ಹೋಗುತ್ತದೆ. ಮಳೆಗಾಲದಲ್ಲಿ ಒಣಸೌದೆಗೆ ಬೆಲೆ ಬರುವುದೂ ಡಿಪೋದವನಿಗೇ, ಏಕೆಂದರೆ ಮಾಡು ಇರುವುದು ಅವನಿಗೆ. ಒಣಗಿಸಿ ಕಾಯುವಷ್ಟು ಜಾಗವೂ ತಿಂಗಳೊಪ್ಪತ್ತಿನ ಖರ್ಚಿಗೆ ಹಣವೂ ಇದ್ದವನು ಗೆಲ್ಲುತ್ತಾನೆ. ಹೊರೆಯವಳು ಇವತ್ತಿನ ಹೊರೆಯನ್ನು ಇವತ್ತೇ ಮಾರಬೇಕು, ಬಿಸಿಲೇರಿದ ಮೇಲೆ ಗಿರಾಕಿ ಹೇಳಿದ್ದೇ ರೇಟು.

ಕಾನೂನು ಈ ಅಸಮತೆಯನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಸತ್ತ, ಬಿದ್ದ ಮರವನ್ನೂ ಸಾಗಿಸಬಾರದೆಂದು ಸುಪ್ರೀಂ ಕೋರ್ಟು 2000ದ ಫೆಬ್ರುವರಿಯಲ್ಲಿ ಆದೇಶಿಸಿತು. ಕಾಡಿನ ದೃಷ್ಟಿಯಿಂದ ಅದಕ್ಕೆ ಕಾರಣಗಳಿವೆ. ಕೊಳೆಯುವ ಮರವೂ ಕಾಡಿನದೇ ಆಹಾರ. ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಕೃಪಾಕರ-ಸೇನಾನಿ ಕಟ್ಟಿದ 'ನಮ್ಮ ಸಂಘ' ಗ್ಯಾಸು ತಲುಪಿಸಿ ಸೌದೆಗೆ ಕಾಡು ಹೊಗುವುದನ್ನು ತಗ್ಗಿಸಲು ದುಡಿಯಿತು. ಸುಡುವವರ ಸಮಸ್ಯೆಗೆ ಇದು ಉತ್ತರ. ಮಾರುವವರಿಗೆ ಮಾತ್ರ ಕಾನೂನು ಎಂದರೆ ದಾರಿಯಲ್ಲಿ ಹೊರೆ ಇಳಿಸಿಬಿಡಬೇಕಾದ ಭಯ, ಅಥವಾ ಮಾಮೂಲು. ರೈತನ ಹೊಲದ ಸಿಲ್ವರ್ ಓಕ್ ಕಡಿದು ಕಾಗದಪತ್ರ ಮಾಡಿಸಿಕೊಂಡು ಲಾರಿ ಹತ್ತಿಸುವವನಿಗೆ ಆ ಭಯವಿಲ್ಲ.

ಅಡುಗೆಗಲ್ಲದ ಬೆಂಕಿ

ಕಟ್ಟು ಸೌದೆ ನಿಜವಾಗಿ ಗಿಟ್ಟುವ ಜಾಗ ಒಂದಿದೆ. ಅಮೆರಿಕದಲ್ಲಿ ಪೆಟ್ರೋಲ್ ಬಂಕು, ಶಿಬಿರತಾಣಗಳ ಮುಂದೆ ಪ್ಲಾಸ್ಟಿಕ್ ಸುತ್ತಿದ ಮುಕ್ಕಾಲು ಘನ ಅಡಿಯ ಪುಟ್ಟ ಕಟ್ಟುಗಳನ್ನು ಮಾರುತ್ತಾರೆ. ಅಲ್ಲಿನ ಸಗಟು ಅಳತೆಯಾದ 'ಕಾರ್ಡ್' ಎಂದರೆ 128 ಘನ ಅಡಿ. ಒಂದು ಕಾರ್ಡನ್ನು ನೂರೈವತ್ತಕ್ಕೂ ಹೆಚ್ಚು ಕಟ್ಟು ಮಾಡಿ ಬಿಡಿಯಾಗಿ ಮಾರಿದರೆ ಮರಕ್ಕಿಂತ ಕಟ್ಟುವಿಕೆಗೇ ಬೆಲೆ. ಕೊಳ್ಳುವವನು ಅನ್ನ ಬೇಯಿಸುವುದಿಲ್ಲ, ಸಂಜೆ ಕಳೆಯುತ್ತಾನೆ. ಗ್ಯಾಸಿನ ಚಾವಣಿ ಅವನ ತಲೆಯ ಮೇಲಿಲ್ಲ. ಡೆಟ್ರಾಯಿಟ್ ಬಳಿ 2002ರಲ್ಲಿ ಆಶ್ ಮರ ಕೊರೆಯುವ ಕೀಟ ಪತ್ತೆಯಾದ ಮೇಲೆ ಸೌದೆ ಸಾಗಣೆಗೆ ಅಲ್ಲೂ ಕಟ್ಟುಪಾಡು ಬಂತು. ನ್ಯೂಯಾರ್ಕ್ ರಾಜ್ಯದಲ್ಲಿ ಶಾಖದಲ್ಲಿ ಸಂಸ್ಕರಿಸದ ಸೌದೆ 50 ಮೈಲಿ ದಾಟುವಂತಿಲ್ಲ. ಶಾಖದ ಗೂಡಿನಲ್ಲಿ ಒಣಗಿಸುವ ಬಂಡವಾಳ ಇದ್ದವರಿಗೆ ಆ ನಿಯಮವೇ ರಕ್ಷಣೆಯಾಯಿತು. ನಮ್ಮ ಕೊಡಗು, ಸಕಲೇಶಪುರದ ಹೋಂಸ್ಟೇಗಳು ಕ್ಯಾಂಪ್‌ಫೈರಿಗೆಂದು ಬೇರೆ ದುಡ್ಡು ವಸೂಲು ಮಾಡುವುದೂ ಇದೇ ಜಾತಿಯ ವ್ಯಾಪಾರ. ತೋಟದ ರೆಂಬೆ, ಪ್ರವಾಸಿಯ ರೇಟು.

ಬಗೆಹರಿಯದವು

2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳ ಪಟ್ಟಿಯಲ್ಲಿ ಕುರುಚಲು ಕಟ್ಟಿಗೆ, ಮೋಟುಗಳನ್ನು ಸೇರಿಸಿದೆ. ಅದರ ನಿಯಮಗಳು ಮೊದಲು ತಲೆಹೊರೆ, ಸೈಕಲ್ಲು, ಕೈಗಾಡಿಯಲ್ಲಿ ಸಾಗಿಸಲು ಒಪ್ಪಿ, 2012ರ ತಿದ್ದುಪಡಿಯಲ್ಲಿ ಸೂಕ್ತ ವಾಹನಕ್ಕೂ ಅವಕಾಶ ಕೊಟ್ಟವು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಹಾಗಾದರೆ ಗ್ರಾಮಸಭೆಯೊಂದು ತನ್ನ ಕಾಡಿನ ಒಣಸೌದೆಯನ್ನು, ಬೇಡದ ಲಂಟಾನವನ್ನು ಒಟ್ಟುಹಾಕಿ ಹೋಟೆಲಿಗೆ ನೇರ ಮಾರಬಹುದೇ? ಹುಲಿ ಸಂರಕ್ಷಿತ ಪ್ರದೇಶದಲ್ಲಿ 2000ದ ಆದೇಶ ಮತ್ತು ಈ ಕಾಯ್ದೆ ಎದುರುಬದುರಾದರೆ ಯಾವುದು ಮೇಲು? ಇದಕ್ಕೆ ವಕೀಲರ ಉತ್ತರ ಒಂದು, ರೇಂಜ್ ಆಫೀಸಿನ ಉತ್ತರ ಇನ್ನೊಂದು.

ಗ್ಯಾಸು ಬಂದ ಮೇಲೆ ಹೊರೆ ಮಾರುತ್ತಿದ್ದವರು ಎಲ್ಲಿಗೆ ಹೋದರು ಎಂಬುದೂ ಸರಿಯಾಗಿ ದಾಖಲಾಗಿಲ್ಲ. ಯೋಜನೆಗಳು ಸಿಲಿಂಡರು ಪಡೆದ ಮನೆಗಳನ್ನು ಎಣಿಸುತ್ತವೆ, ಗಿರಾಕಿ ಕಳೆದುಕೊಂಡವರನ್ನಲ್ಲ. ಬಳ್ಳಾರಿ ಜಾಲಿ ತೆಗೆಸುವ ಯೋಜನೆಗಳ ಲೆಕ್ಕಪತ್ರದಲ್ಲಿ ಅದನ್ನು ಕಡಿದು ಬದುಕುವವರ ಆದಾಯ ಯಾವ ಕಾಲಮಿನಲ್ಲಿ ಬರಬೇಕು ಎನ್ನುವುದೂ ಬಾಕಿ. ಹಿಡುವಳಿ ಜಮೀನಿನ ಸೌದೆ ಸಾಗಣೆಯನ್ನು ಸುಲಭ ಮಾಡಿದರೆ ಕಾಡಿನ ಮೇಲಿನ ಒತ್ತಡ ಇಳಿಯುತ್ತದೆ ಎಂದು ಒಂದು ಗುಂಪು, ಅದರ ಮರೆಯಲ್ಲಿ ಕಾಡಿನ ಮರವೇ ಲಾರಿ ಹತ್ತುತ್ತದೆ ಎಂದು ಇನ್ನೊಂದು ಗುಂಪು. ಎರಡಕ್ಕೂ ಉದಾಹರಣೆಗಳಿವೆ. ಇನ್ನು ಹೊತ್ತವಳ ಗಂಟೆಗೆ ಬೆಲೆ ಹಾಕುವ ವಿಷಯದಲ್ಲಂತೂ ಅರ್ಥಶಾಸ್ತ್ರ 1980ರ ದಶಕದಲ್ಲಿ ನಿಂತಲ್ಲೇ ನಿಂತಿದೆ: ದಿನಗೂಲಿಯೋ, ಸೊನ್ನೆಯೋ, ಅಥವಾ ತಿಂಗಳಿಗೊಂದರಂತೆ ಹನ್ನೆರಡು ಬೇರೆ ಬೇರೆ ದರಗಳೋ?